ಮಂದ, ತೆಳು ಎಂದರೆ ಸಾಲದು

ಮಕ್ಕಳೇ, ದ್ರವಗಳನ್ನು ನಾವು ಸುಲಭವಾಗಿ ಮಂದ, ತೆಳು ಎಂದು ವಿಂಗಡಿಸಿಬಿಡುತ್ತೇವೆ. ಈ ವಿಂಗಡಣೆ ನನಗೆ ಒಪ್ಪಿಗೆಯಿಲ್ಲ. ದ್ರವ ಎಷ್ಟು ಮಂದ ಎಂಬುದಕ್ಕಿಂತ, ಬೇಗ ಬೇಗ ಕಲಕಿದಾಗ ಅದರ ಮಂದತನ ಬದಲಾಗುತ್ತದೆಯೇ ಎಂದು ನೋಡಬೇಕು.

ನೀರು ತೆಳು, ಜೇನುತುಪ್ಪ ಮಂದ. ಆದರೂ ಎರಡೂ ಒಂದೇ ಗುಂಪಿನವು! ಮೆಲ್ಲಗೆ ಕಲಕಿದರೂ ಜೋರಾಗಿ ಕಲಕಿದರೂ ಅವುಗಳ ಸ್ನಿಗ್ಧತೆ ಹಾಗೆಯೇ ಇರುತ್ತದೆ. (ಬಿಸಿ ಮಾಡಿದರೆ ಕಡಿಮೆಯಾಗುತ್ತದೆ, ಆ ಮಾತು ಬೇರೆ.) ತೆಂಗಿನೆಣ್ಣೆಯೂ ಹೀಗೆಯೇ. 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಐಸಾಕ್ ನ್ಯೂಟನ್ ಇಂತಹ ಹರಿವನ್ನು ಕುರಿತು ಬರೆದುದರಿಂದ ಇವಕ್ಕೆ ನ್ಯೂಟನ್ ದ್ರವಗಳೆಂದು ಹೆಸರು.

ಇಡ್ಲಿ ಹಿಟ್ಟು ಈ ಗುಂಪಿಗೆ ಸೇರದು. ಜೋರಾಗಿ ಕಲಕಿದಷ್ಟೂ ಅದು ಸಡಿಲವಾಗುತ್ತದೆ. ತೋಡಾರಿನ ಕಡೆ ಮಣ್ಣಿ ಮಾಡುವ ಕೂವೆ ಹುಡಿಯದ್ದು ಇನ್ನೂ ವಿಚಿತ್ರ. ಅಮ್ಮನನ್ನು ಕೇಳಿ, ಒಂದು ಚಮಚ ತಣ್ಣೀರಿಗೆ ಸುಮಾರು ಎರಡು ಚಮಚ ಹುಡಿ ಕಲಸಿ. ಬೆರಳನ್ನು ಮೆಲ್ಲಗೆ ಇಳಿಸಿದರೆ ಮುಳುಗುತ್ತದೆ. ಫಕ್ಕನೆ ಕುಟ್ಟಿದರೆ ಗಟ್ಟಿಯಾಗಿ ತಡೆಯುತ್ತದೆ! ಹುಡಿಯ ಕಣಗಳಿಗೆ ಸರಿದುಕೊಳ್ಳಲು ಸಮಯ ಸಿಗದೆ ಒಂದಕ್ಕೊಂದು ಸಿಕ್ಕಿಕೊಳ್ಳುವುದೇ ಇದಕ್ಕೆ ಕಾರಣ.

ಹಾಗಾದರೆ ಮೊಸರು, ಟೊಮೆಟೊ ಸಾಸ್ ಯಾವ ಗುಂಪಿಗೆ ಸೇರುತ್ತವೆ? ಚಮಚದಿಂದ ಕಲಕಿ ನೋಡಿ.