ಗಣೇಶಗುಡಿಯ ಫ್ರಿಜ್‌ನಲ್ಲಿ ಕ್ರಾಫ್ಟ್ ಬಿಯರ್ ಯಾಕಿಲ್ಲ?

2025ರ ಜನವರಿ 20ಕ್ಕೆ ಕರ್ನಾಟಕದಲ್ಲಿ ಬಿಯರ್ ದರ ಮತ್ತೊಮ್ಮೆ ಏರಿತು. ಆ ವಾರ ಪತ್ರಿಕೆಗಳಲ್ಲಿ ಬಂದ ದರಪಟ್ಟಿಯನ್ನ ನಾನು ಇನ್ನೂ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಲೆಜೆಂಡ್ 100ರಿಂದ 145 ರೂಪಾಯಿ. ಪವರ್ ಕೂಲ್ 130ರಿಂದ 155. ಬ್ಲ್ಯಾಕ್ ಫೋರ್ಟ್ 145ರಿಂದ 160. ಹಂಟರ್ 180ರಿಂದ 190. ವುಡ್‌ಪೆಕರ್ ಕ್ರೆಸ್ಟ್ 240ರಿಂದ 250. ಎಲ್ಲರೂ ‘ಬಿಯರ್ ದುಬಾರಿ’ ಅಂತ ಮೀಮ್ ಹಾಕಿ ಸುಮ್ಮನಾದರು. ಆದರೆ ಪಟ್ಟಿಯನ್ನ ಮೇಲಿಂದ ಕೆಳಗೆ ಇನ್ನೊಮ್ಮೆ ಓದಿ. ಎಲ್ಲಕ್ಕಿಂತ ಅಗ್ಗದ ಬಾಟಲಿಗೆ ಶೇ 45 ಏರಿಕೆ, ಎಲ್ಲಕ್ಕಿಂತ ತುಟ್ಟಿ ಬಾಟಲಿಗೆ ಶೇ 4.

ಕ್ರಾಫ್ಟ್ ಬಿಯರ್ ಆರಿಸುವಾಗ ಜನ ಬೆಲೆ ಎಷ್ಟು ನೋಡ್ತಾರೆ ಅನ್ನೋದು ಬೆಂಗಳೂರಿನ ಗೆಳೆಯರ ನಡುವೆ ಆಗಾಗ ಬರುವ ಮಾತು. ಹಾಪ್ಸ್ ಎಲ್ಲಿಂದ ತಂದದ್ದು, ವೀಟ್ ಬಿಯರ್‌ಗೆ ಮುನ್ನೂರು ಮೇಲೆ ಕೊಡಬಹುದಾ, ಇಂಥವೇ. ನನಗೆ ಆ ಪ್ರಶ್ನೆಯನ್ನ ಗಣೇಶಗುಡಿಗೆ ತಂದು ಕೇಳಬೇಕು ಅನಿಸ್ತು. ಜೋಯಿಡಾ ತಾಲೂಕಿನ ಈ ಪುಟ್ಟ ಊರು ಸೂಪಾ ಅಣೆಕಟ್ಟಿನ ಬುಡದಲ್ಲಿದೆ. ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡೋಕೆ ಹುಬ್ಬಳ್ಳಿ, ಬೆಳಗಾವಿ, ಪುಣೆ, ಬೆಂಗಳೂರಿನಿಂದ ಜನ ಬರ್ತಾರೆ. ಹಾಗಾಗಿ ಒಂದೇ ಬೀದಿಯಲ್ಲಿ ಮೂರು ಥರದ ಬಿಯರ್ ಗಿರಾಕಿಗಳು ಸಿಗ್ತಾರೆ: ರೆಸಾರ್ಟಿನಲ್ಲಿ ಉಳಿಯೋರು, ಬೈಕ್ ಮೇಲೆ ಬಂದು ಸಂಜೆ ವಾಪಸ್ ಹೋಗೋ ಹುಡುಗರು, ಮತ್ತೆ ಅವರನ್ನ ನೀರಿಗಿಳಿಸಿ ಹುಷಾರಾಗಿ ದಡ ಸೇರಿಸೋ ಇಲ್ಲಿನವರು.

ರೆಸಾರ್ಟಿನವರಿಗೆ ಬೆಲೆ ಅಷ್ಟಾಗಿ ಲೆಕ್ಕಕ್ಕಿಲ್ಲ, ಅಥವಾ ಅವರು ಹಾಗಂದುಕೊಂಡಿರ್ತಾರೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಬಿಯರ್ ಪ್ರಶ್ನೆ ಇದೆ. ಬಿಸಿಲಲ್ಲಿ ಬೀಚಿನ ಮೇಲೆ ಮಲಗಿದ್ದೀರಿ, ಗೆಳೆಯ ಬಿಯರ್ ತರ್ತೀನಿ ಅಂತಾನೆ, ಎಷ್ಟರವರೆಗೆ ಕೊಡಬಹುದು ಹೇಳು ಅಂತಾನೆ. ಒಂದು ಗುಂಪಿಗೆ ಆತ ತರೋದು ಐಷಾರಾಮಿ ಹೋಟೆಲ್ಲಿನಿಂದ, ಇನ್ನೊಂದು ಗುಂಪಿಗೆ ಹಳೇ ಕಿರಾಣಿ ಅಂಗಡಿಯಿಂದ. ಬಿಯರ್ ಅದೇ, ಕುಡಿಯೋ ಜಾಗ ಅದೇ. ಹೋಟೆಲ್ಲಾದರೆ 2.65 ಡಾಲರ್ ಅಂದರು, ಅಂಗಡಿಯಾದರೆ 1.50. ಗಣೇಶಗುಡಿಯಲ್ಲಿ ಇದನ್ನ ಪ್ರಯೋಗ ಮಾಡಿ ನೋಡೋ ಅಗತ್ಯವೇ ಇಲ್ಲ, ದಿನಾ ನಡೀತದೆ. ಎಂಎಸ್‌ಐಎಲ್ ಮಳಿಗೆಯಲ್ಲಿ ಎಂಆರ್‌ಪಿಗೆ ಸಿಗುವ ಬಾಟಲಿಗೆ ನದಿ ಕಾಣೋ ಕುರ್ಚಿಯಲ್ಲಿ ಕೂತು ಎಷ್ಟೋ ಹೆಚ್ಚು ಕೊಡೋರು, ಅದೇ ಮಳಿಗೆಯಲ್ಲಿ ಹತ್ತು ರೂಪಾಯಿ ಜಾಸ್ತಿ ತಗೊಂಡರೆ ಗಲಾಟೆ ಮಾಡ್ತಾರೆ. ಅವರು ದುಡ್ಡು ಕೊಡ್ತಿರೋದು ಕುರ್ಚಿಗೆ. ಬೆಂಗಳೂರಿನ ಬ್ರೂಪಬ್‌ನಲ್ಲೂ ಕತೆ ಬೇರೆಯಲ್ಲ. ಅಲ್ಲಿ ಬೆಲೆ ಅನ್ನೋದು ಬಿಯರ್ ಒಳ್ಳೇದು ಅನ್ನೋದಕ್ಕೆ ಸಾಕ್ಷಿಯ ಕೆಲಸವನ್ನೂ ಮಾಡ್ತದೆ. ತೀರಾ ಅಗ್ಗ ಇದ್ದರೆ ಅನುಮಾನ ಬರ್ತದೆ.

ಬೈಕ್ ಹುಡುಗರು ಎಂಆರ್‌ಪಿ ಅಂಗಡಿಯಲ್ಲಿ ಕೊಂಡು ಬ್ಯಾಗಲ್ಲಿ ಹಾಕ್ಕೊಂಡು ಬರ್ತಾರೆ. ಅವರ ಬಗ್ಗೆ ಹೆಚ್ಚು ಹೇಳೋಕೇನಿಲ್ಲ, ಬಾಟಲಿ ಕಾಡಲ್ಲಿ ಬಿಸಾಕಬೇಡ್ರಪ್ಪಾ ಅನ್ನೋದೊಂದು ಬಿಟ್ಟು. ಇದು ಹುಲಿ ಸಂರಕ್ಷಿತ ಪ್ರದೇಶದ ಅಂಚು.

ನನಗೆ ಮುಖ್ಯ ಅನಿಸೋದು ಮೂರನೇ ಗುಂಪು. ರಾಫ್ಟಿಂಗ್ ಗೈಡ್ ಒಬ್ಬನನ್ನ ಕ್ರಾಫ್ಟ್ ಬಿಯರ್ ಬಗ್ಗೆ ಕೇಳಿದೆ. “ಸರ್, ನಮಗ ಕಿಂಗ್‌ಫಿಷರ್ರೇ ಪಗಾರ್ ದಿನದ್ದು. ಉಳಿದ ದಿನ ಪ್ಯಾಕೆಟ್ ನೋಡ್ರಿ” ಅಂದ. ಪ್ಯಾಕೆಟ್ ಅಂದರೆ 90 ಎಂಎಲ್ ವಿಸ್ಕಿಯ ಟೆಟ್ರಾ ಪ್ಯಾಕ್. ಈ ಮಾತನ್ನ ಲೆಕ್ಕಕ್ಕಿಳಿಸಿ ನೋಡೋಣ. ಶೇ 5ರ ಒಂದು ಬಿಯರ್ ಬಾಟಲಿ, 650 ಎಂಎಲ್: ಅದರಲ್ಲಿ ಶುದ್ಧ ಆಲ್ಕೋಹಾಲ್ 32.5 ಎಂಎಲ್. ಶೇ 42.8ರ 90 ಎಂಎಲ್ ಪ್ಯಾಕೆಟ್: 38.5 ಎಂಎಲ್. ಅಂದರೆ ಅಂಗೈಯಲ್ಲಿ ಅಡಗೋ ಪ್ಯಾಕೆಟ್ಟಿನಲ್ಲಿ ದೊಡ್ಡ ಬಾಟಲಿಗಿಂತ ಜಾಸ್ತಿ ನಶೆ ಇದೆ, ಬೆಲೆ ಬಾಟಲಿಗಿಂತ ಎಷ್ಟೋ ಕಮ್ಮಿ. ಶೇ 8ರ ಸ್ಟ್ರಾಂಗ್ ಬಿಯರ್ ತಗೊಂಡರೆ 52 ಎಂಎಲ್. ನಮ್ಮ ದೇಶದಲ್ಲಿ ಸ್ಟ್ರಾಂಗ್ ಬಿಯರೇ ಯಾಕೆ ಹೆಚ್ಚು ಓಡ್ತದೆ ಅಂತ ‘ಭಾರತೀಯರ ರುಚಿಯೇ ಹಾಗೆ’ ಅನ್ನೋ ಬರಹಗಳು ಬರ್ತಾ ಇರ್ತವೆ. ರುಚಿ ಅಲ್ಲ ಸ್ವಾಮಿ, ಗಣಿತ. ಕೊಟ್ಟ ದುಡ್ಡಿಗೆ ಎಷ್ಟು ಏರ್ತದೆ ಅನ್ನೋ ಗಣಿತ. ದಿನಗೂಲಿಯವನು ಅದನ್ನ ನಮಗಿಂತ ವೇಗವಾಗಿ ಮಾಡ್ತಾನೆ.

ಈ ಗಣಿತದ ಪ್ರಶ್ನೆಪತ್ರಿಕೆ ತಯಾರಿಸೋದು ಸರ್ಕಾರ. ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರ ಜುಲೈನಲ್ಲಿ ಶೇ 175ರಿಂದ 185ಕ್ಕೆ, ಆಮೇಲೆ 195ಕ್ಕೆ ಹೋಯಿತು. 2025ರ ಜನವರಿಯ ತಿದ್ದುಪಡಿಯಲ್ಲಿ ಅದಕ್ಕೊಂದು ಬಾಲ ಸೇರಿತು: ಶೇ 195 ಅಥವಾ ಲೀಟರಿಗೆ 130 ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಕೇಳೋಕೆ ಸಾಧಾರಣ ಸಾಲು. ಆದರೆ 650 ಎಂಎಲ್ ಬಾಟಲಿಗೆ ಇದು 84 ರೂಪಾಯಿ 50 ಪೈಸೆ ಆಗ್ತಿತ್ತು. ಇದರ ಮೇಲೆ ಆಗಿನ ಮೂಲ ಅಬಕಾರಿ ಸುಂಕ, ಶೇ 5ರವರೆಗಿನ ಬಿಯರ್‌ಗೆ ಲೀಟರಿಗೆ 12 ರೂಪಾಯಿ, 5ರಿಂದ 8ರವರೆಗಿನದಕ್ಕೆ 20. ಸ್ಟ್ರಾಂಗ್ ಬಾಟಲಿಯಾದರೆ ಅಲ್ಲಿಗೆ 97 ರೂಪಾಯಿ 50 ಪೈಸೆ. ಇದರಲ್ಲಿ ಕಂಪನಿಯ ಬೆಲೆ ಇಲ್ಲ, ಅಂಗಡಿಯವನ ಲಾಭ ಇಲ್ಲ. ನೂರು ರೂಪಾಯಿಯ ಬಿಯರ್ ಮಾರುಕಟ್ಟೆಯಿಂದ ಮಾಯವಾಗಿದ್ದು ಹೀಗೆ. ಕಂಪನಿ ಹೇಳುವ ಬೆಲೆ ಬಾಟಲಿಗೆ ಸುಮಾರು 43 ರೂಪಾಯಿ ದಾಟಿದರೆ ಆ ಬಾಲ ತಾಗ್ತಲೇ ಇರಲಿಲ್ಲ, ಶೇಕಡಾವಾರು ಲೆಕ್ಕವೇ ದೊಡ್ಡದಾಗ್ತಿತ್ತು. ಹೊಡೆತ ಬಿದ್ದಿದ್ದು ಅದಕ್ಕಿಂತ ಕೆಳಗಿನ ಬಿಯರ್‌ಗೆ ಮಾತ್ರ.

ಇದನ್ನ ಸಮರ್ಥಿಸೋ ಒಂದು ವಾದ ಇದೆ, ಅದನ್ನ ತಳ್ಳಿಹಾಕಬಾರದು. ಅಗ್ಗದ ಮದ್ಯ ಕುಟುಂಬಗಳನ್ನ ಹಾಳು ಮಾಡ್ತದೆ, ಬೆಲೆ ಏರಿದರೆ ಕುಡಿತ ಇಳೀತದೆ ಅನ್ನೋದು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರ ಸಂಕಟದ ಮುಂದೆ ‘ನನ್ನ ಬಿಯರ್ ತುಟ್ಟಿಯಾಯ್ತು’ ಅನ್ನೋ ಗೋಳು ಏನೂ ಅಲ್ಲ, ಒಪ್ಪುತ್ತೇನೆ. ಸ್ಕಾಟ್ಲೆಂಡ್ 2018ರಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆ ತಂದಿದ್ದೂ ಇದೇ ಕಾರಣಕ್ಕೆ. ಆದರೆ ಅಲ್ಲಿ ಕನಿಷ್ಠ ಬೆಲೆ ಕಟ್ಟಿದ್ದು ಆಲ್ಕೋಹಾಲಿನ ಯೂನಿಟ್‌ಗೆ, ಒಂದಕ್ಕೆ 50 ಪೆನ್ಸ್. ನಶೆ ಹೆಚ್ಚಾದಷ್ಟೂ ಬೆಲೆ ಹೆಚ್ಚು, ಪಾನೀಯ ಯಾವುದೇ ಇರಲಿ. ನಮ್ಮಲ್ಲಿ ಕಟ್ಟಿದ್ದು ಬಿಯರಿನ ಲೀಟರಿಗೆ. ಶೇ 5ರ ಬಾಟಲಿಗೂ ಶೇ 8ರ ಬಾಟಲಿಗೂ ಮೂಲ ಸುಂಕದಲ್ಲಿ ಆಗ ಇದ್ದ ವ್ಯತ್ಯಾಸ ಬರೀ 5 ರೂಪಾಯಿ 20 ಪೈಸೆ, ಆಲ್ಕೋಹಾಲಿನಲ್ಲಿ ಇರೋ ವ್ಯತ್ಯಾಸ ಶೇ 60. ಆರೋಗ್ಯದ ಕಾಳಜಿಯಿಂದ ಬರೆದ ನಿಯಮ ಆಗಿದ್ದರೆ ಗೈಡ್ ಹುಡುಗ ಪ್ಯಾಕೆಟ್ಟಿನಿಂದ ಬಿಯರಿನ ಕಡೆ ಬರಬೇಕಿತ್ತು. ಅವನು ಹೋಗ್ತಿರೋದು ಉಲ್ಟಾ ದಿಕ್ಕಿಗೆ.

ಇಷ್ಟರ ನಡುವೆ ಕ್ರಾಫ್ಟ್ ಬಿಯರ್ ಎಲ್ಲಿ? ಹತ್ತಿರದಲ್ಲೇ ಇದೆ, ಅದೇ ತಮಾಷೆ. ರಾಮನಗರದ ಕಡೆ ಹೋಗಿ ಅನಮೋಡ ಘಾಟ್ ಇಳಿದರೆ ಗೋವಾ. ದೇಶದ ಕ್ಯಾನ್ ಕ್ರಾಫ್ಟ್ ಬಿಯರಿನ ದೊಡ್ಡ ಪಾಲು ಹುಟ್ಟೋದು ಆ ಪುಟ್ಟ ರಾಜ್ಯದಲ್ಲಿ. 2012ರಲ್ಲಿ ಬೆಂಗಳೂರಿನಲ್ಲಿ ಬ್ರೂಪಬ್ ತೆರೆದ ಆರ್ಬರ್, ಕ್ಯಾನಿಗೆ ತುಂಬೋ ಬಿಯರ್ ಮಾಡೋಕೆ ಹೋಗಿದ್ದು ಗೋವಾಕ್ಕೇ. ಬೆಂಗಳೂರಿಗಿಂತ ಗಣೇಶಗುಡಿಗೆ ಆ ಬಿಯರ್ ಎಷ್ಟೋ ಹತ್ತಿರ. ಆದರೆ ಕಾನೂನಿನ ದಾರಿಯಲ್ಲಿ ಅದು ಘಾಟ್ ಹತ್ತಿ ಬರೋಕಾಗಲ್ಲ. ರಾಜ್ಯದೊಳಗೆ ಮಾರೋ ಬಾಟಲಿ, ಕ್ಯಾನ್ ಬಿಯರೆಲ್ಲ 2003ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋ ಮೂಲಕವೇ ಬರಬೇಕು. ಪ್ರತಿ ಲೇಬಲ್ಲಿಗೂ ಅನುಮತಿ, ಶುಲ್ಕ. ಒಂದೇ ಲೇಬಲ್ಲಿನಲ್ಲಿ ಲಕ್ಷಗಟ್ಟಲೆ ಪೆಟ್ಟಿಗೆ ಮಾರೋ ಕಂಪನಿಗೆ ಆ ಶುಲ್ಕ ಬಾಟಲಿಗೆ ಪೈಸೆ ಲೆಕ್ಕ. ಆರು ಥರದ ಬಿಯರನ್ನ ಸಣ್ಣ ಸಣ್ಣ ಬ್ಯಾಚಿನಲ್ಲಿ ಮಾಡೋನಿಗೆ ಆರು ಸಲ ಹೊರೆ. ಬಿರಾ 91 ಮಾಡೋ ಕಂಪನಿ ತನ್ನ ಹೆಸರಿನಿಂದ ‘ಪ್ರೈವೇಟ್’ ಅನ್ನೋ ಪದ ತೆಗೆದಿದ್ದಕ್ಕೆ ಹಲವು ರಾಜ್ಯಗಳಲ್ಲಿ ಲೇಬಲ್‌ಗಳನ್ನ ಮತ್ತೆ ನೋಂದಾಯಿಸಬೇಕಾಯ್ತು, ತಿಂಗಳುಗಟ್ಟಲೆ ಮಾರಾಟ ನಿಂತು ಕಂಪನಿ ನೆಲ ಕಚ್ಚಿತು. ದೇಶವಿಡೀ ಹೆಸರಿದ್ದ ಬ್ರ್ಯಾಂಡ್ ಕತೆಯೇ ಹೀಗಾದರೆ ಸಣ್ಣವರ ಪಾಡು ಕೇಳಬೇಡಿ.

ಇನ್ನು ಇಲ್ಲಿನ ಬಾರ್ ಮಾಲೀಕನ ಜಾಗದಲ್ಲಿ ನಿಂತು ಯೋಚಿಸಿ. ಫ್ರಿಜ್ ಒಂದೋ ಎರಡೋ. ಪಕ್ಕದಲ್ಲೇ ಕರೆಂಟ್ ಹುಟ್ಟಿಸೋ ಸೂಪಾ ಡ್ಯಾಂ ಇದ್ದರೂ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗ್ತದೆ, ಯಾವಾಗ ಬರ್ತದೆ ಅಂತ ಗಣಪತಿಗೇ ಗೊತ್ತು. ತಣ್ಣಗೇ ಇಡಬೇಕಾದ, ಬೇಗ ಖರ್ಚಾಗಬೇಕಾದ, ಎರಡು ಪಟ್ಟು ಬೆಲೆಯ ಕ್ಯಾನನ್ನ ವಾರಾಂತ್ಯದ ನಾಲ್ಕು ಗಿರಾಕಿಗಳಿಗಾಗಿ ಅವನು ಯಾಕೆ ತುಂಬಿಸ್ತಾನೆ? ಹೀಗಾಗಿ ಇಲ್ಲಿ ಬೆಲೆಯ ಪ್ರಭಾವ ಗಿರಾಕಿ ಮೆನು ನೋಡೋ ಹೊತ್ತಿಗೆ ಶುರುವಾಗೋದಲ್ಲ. ಮೆನುವಿನಲ್ಲಿ ಏನಿರಬೇಕು, ಏನಿರಬಾರದು ಅಂತ ಅದು ಮೊದಲೇ ತೀರ್ಮಾನ ಮಾಡಿರ್ತದೆ. ‘ಜನ ಕ್ರಾಫ್ಟ್ ಬಿಯರ್ ಕೇಳೋದೇ ಇಲ್ಲ’ ಅಂತಾರಲ್ಲ, ಇಲ್ಲದ್ದನ್ನ ಯಾರು ಕೇಳ್ತಾರೆ?

ಕಾನೂನಿನದ್ದಲ್ಲದ ದಾರಿಯೂ ಒಂದಿದೆ, ಎಲ್ಲರಿಗೂ ಗೊತ್ತಿರೋದೇ. ‘ಗೋವಾದಲ್ಲಿ ಮಾತ್ರ ಮಾರಾಟಕ್ಕೆ’ ಅಂತ ಅಚ್ಚಾದ ಬಾಟಲಿಗಳು ಡಿಕ್ಕಿಯಲ್ಲಿ ಬರ್ತವೆ, ಅನಮೋಡದ ಅಬಕಾರಿ ತನಿಖಾ ಠಾಣೆಯಲ್ಲಿ ಕೆಲವು ಸಿಕ್ಕಿಬೀಳ್ತವೆ. ಮದ್ಯ ಕಂಪನಿಗಳ ಒಕ್ಕೂಟವೊಂದು 2023ರಲ್ಲಿ ಒಂದು ಹೋಲಿಕೆ ಕೊಟ್ಟಿತ್ತು: ಗೋವಾದಲ್ಲಿ 100 ರೂಪಾಯಿಗೆ ಸಿಗೋ ಮದ್ಯದ ಬಾಟಲಿಗೆ ಕರ್ನಾಟಕದಲ್ಲಿ 513. ಅದು ವಿಸ್ಕಿ, ರಮ್‌ನಂಥವುಗಳ ಲೆಕ್ಕ, ಬಿಯರಿನದಲ್ಲ. ಕೊಟ್ಟವರಿಗೂ ತಮ್ಮದೇ ಸ್ವಾರ್ಥ ಇದೆ. ಆದರೂ ಆ ಘಾಟ್ ರಸ್ತೆಯ ಆರ್ಥಿಕತೆ ಏನು ಅಂತ ತಿಳೀತದೆ. ಸಿಕ್ಕಿಬಿದ್ದಾಗ ಕೇಸ್ ಬೀಳೋದು ಕಾರಿನ ಡ್ರೈವರ್ ಮೇಲೆ, ಆರ್ಡರ್ ಮಾಡಿದವರ ಮೇಲಲ್ಲ ಅನ್ನೋದನ್ನೂ ಸೇರಿಸಿಕೊಳ್ಳಿ.

ಗಡಿಯಾಚೆಯ ಬೆಲೆ ಜನರನ್ನ ಎಳೀತದೆ ಅಂತ ಸರ್ಕಾರಕ್ಕೆ ಗೊತ್ತಿಲ್ಲ ಅಂತೇನೂ ಅಲ್ಲ. 2024ರ ಆಗಸ್ಟ್‌ನಲ್ಲಿ ಸುಂಕದ ಸ್ಲ್ಯಾಬುಗಳನ್ನ 18ರಿಂದ 16ಕ್ಕೆ ಇಳಿಸಿ ಪ್ರೀಮಿಯಂ ಮದ್ಯದ ದರ ಕಡಿಮೆ ಮಾಡಿತು. ಪಕ್ಕದ ರಾಜ್ಯಗಳಲ್ಲಿ ಅಗ್ಗ ಇದೆ, ನಮ್ಮ ಗಿರಾಕಿಗಳು ಅಲ್ಲಿಗೆ ಹೋಗ್ತಿದ್ದಾರೆ ಅನ್ನೋದೇ ಆಗ ಕೊಟ್ಟ ಕಾರಣ. ಐದು ತಿಂಗಳೊಳಗೆ ಅಗ್ಗದ ಬಿಯರ್ ಮೇಲೆ 130 ರೂಪಾಯಿಯ ಬಾಲ. ತುಟ್ಟಿ ವಿಸ್ಕಿಯವನು ಗಡಿ ದಾಟಿದರೆ ಅದು ನೀತಿಯ ಪ್ರಶ್ನೆ, ಜೋಯಿಡಾದ ಹುಡುಗ ಗಡಿ ದಾಟಿದರೆ ಅದು ಪೊಲೀಸ್ ಪ್ರಶ್ನೆ. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡ ಸರ್ಕಾರ ಇದು. ಗ್ಯಾರಂಟಿಗಳಿಗೆ ದುಡ್ಡು ಬೇಕು, ಸರಿ. ನಾನು ಗ್ಯಾರಂಟಿಗಳ ಪರವೇ ಇದ್ದೇನೆ. ಆದರೆ ಆ ದುಡ್ಡು ಯಾವ ಬಾಟಲಿಯಿಂದ ಹೆಚ್ಚು ಬರಬೇಕು ಅನ್ನೋದು ಆಯ್ಕೆಯ ವಿಷಯ, ಆ ಆಯ್ಕೆಯನ್ನ ಯಾರೋ ಕೂತು ಮಾಡಿದ್ದಾರೆ.

ಬಾಟಲಿಯೊಳಗಿನ ಆಲ್ಕೋಹಾಲಿನ ಪ್ರಮಾಣಕ್ಕೆ ತಕ್ಕಂತೆ ಸುಂಕ ಹಾಕಿ ಅನ್ನೋದು ನನ್ನ ವಾದ. ಆಗ ಶೇ 4-5ರ ಬಿಯರ್ ಪ್ಯಾಕೆಟ್ಟಿಗಿಂತ ಕೈಗೆಟುಕಬಹುದು, ಶೇ 8ರದ್ದು ಸಹಜವಾಗಿ ತುಟ್ಟಿಯಾಗ್ತದೆ. ಸಣ್ಣ ಬ್ರೂವರಿಗಳಿಗೆ ಲೇಬಲ್ ಶುಲ್ಕವನ್ನ ಉತ್ಪಾದನೆಯ ಪ್ರಮಾಣಕ್ಕೆ ಹೊಂದಿಸಿದರೆ ದಾಂಡೇಲಿಯಲ್ಲೋ ಹಳಿಯಾಳದಲ್ಲೋ ಒಬ್ಬರು ಪ್ರಯತ್ನ ಮಾಡೋ ಧೈರ್ಯವಾದರೂ ಮಾಡ್ತಾರೆ. ಕ್ರಾಫ್ಟ್ ಅಂದರೆ ಇಂದಿರಾನಗರದ ಸ್ವತ್ತೇ ಆಗಿರಬೇಕು ಅಂತೇನಿಲ್ಲ.

ಅಬಕಾರಿ ನಿಯಮ ಬದಲಿಸುವ ಮುನ್ನ ಸರ್ಕಾರ ಕರಡು ಹೊರಡಿಸಿ ಆಕ್ಷೇಪಣೆಗೆ ಸಮಯ ಕೊಡ್ತದೆ. ಮುಂದಿನ ಕರಡು ಬಂದಾಗ ಹೆಡ್‌ಲೈನಿನಲ್ಲಿ ಬರೋ ಶೇಕಡಾವಾರು ಅಂಕಿಯನ್ನ ಪಕ್ಕಕ್ಕಿಟ್ಟು, ‘ಯಾವುದು ಹೆಚ್ಚೋ ಅದು’ ಅನ್ನೋಂಥ ಸಾಲು ಇದೆಯಾ, ಇದ್ದರೆ ಅದರ ಮುಂದಿನ ಅಂಕಿ ಎಷ್ಟು ಅಂತ ನೋಡಿ. ಆಕ್ಷೇಪಣೆ ಕನ್ನಡದಲ್ಲೇ ಬರೆದು ಕಳಿಸಬಹುದು.