ವೈಫೈ ಬೇರೆ, ಇಂಟರ್‌ನೆಟ್ ಬೇರೆ ಸ್ವಾಮಿ!

'ಅಂತರಜಾಲ' ಅನ್ನಬೇಕೋ 'ಅಂತರ್ಜಾಲ' ಅನ್ನಬೇಕೋ ಅಂತ ನಾವು ಕನ್ನಡ ಬ್ಲಾಗಿಗರು ಕೀಬೋರ್ಡ್ ಸವೆಯೋ ತನಕ ಕಿತ್ತಾಡಬಲ್ಲೆವು. 'ಅಂತರ್' ಅಂದ್ರೆ ಒಳಗೆ, 'ಅಂತರ' ಅಂದ್ರೆ ನಡುವೆ, ಹಾಗಾಗಿ ಅರ್ಥವೇ ಬದಲಾಗುತ್ತೆ ಅನ್ನೋದು ಒಂದು ಪಕ್ಷದ ವಾದ. ಆ ಜಗಳ ಇವತ್ತು ಬೇಡ. ಆದರೆ ಮನೆಯೊಳಗಿನ ಜಾಲ ಯಾವುದು, ಹೊರಗಿನ ಜಾಲ ಯಾವುದು ಅನ್ನೋ ವ್ಯತ್ಯಾಸ ಬರೀ ವ್ಯಾಕರಣದ ವಿಷಯ ಅಲ್ಲ. ಅದನ್ನ ಮಸುಕು ಮಸುಕಾಗಿ ಇಟ್ಟುಕೊಂಡೇ ಒಂದು ದೊಡ್ಡ ವ್ಯಾಪಾರ ನಡೀತಿದೆ. ನನ್ನ ತಕರಾರು ಅದರ ಬಗ್ಗೆ.

ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಮನೆಗೆ ವೈಫೈ ಹಾಕ್ಸಿದೀವಿ", "ವೈಫೈ ಸ್ಲೋ ಇದೆ". ಹಾಕಿಸಿದ್ದು ಇಂಟರ್‌ನೆಟ್ ಸ್ವಾಮಿ! ವೈಫೈ ಅನ್ನೋದು ರೌಟರ್‌ನಿಂದ ನಿಮ್ಮ ಫೋನಿನ ತನಕ ಇರೋ ದಾರಿ, ಅಷ್ಟೇ. ರೌಟರ್‌ನಿಂದ ಆಚೆ, ಕಂಪನಿಯ ತಂತಿಯಲ್ಲಿ ಬರೋದು ಇಂಟರ್‌ನೆಟ್. ಕಾವೇರಿ ನೀರಿನ ಸಂಪರ್ಕ ಇರೋ ಯಾವ ಮನೆಯವರಿಗೂ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬೀದಿಯಿಂದ ಬರೋ ಪೈಪು ಅರ್ಧ ಇಂಚಿನದು. ಮನೆಯೊಳಗೆ ನೀವು ಎರಡು ಇಂಚಿನ ಪೈಪು, ಇಂಪೋರ್ಟೆಡ್ ನಲ್ಲಿ ಹಾಕಿಸಿದರೆ ಬೀದಿಯಿಂದ ಹೆಚ್ಚು ನೀರು ಬರುತ್ತಾ? ಇಲ್ಲ. ಹಾಗೇ ಬೀದಿಯಲ್ಲಿ ಧಾರಾಳ ನೀರಿದ್ದು, ಮನೆಯೊಳಗಿನ ಪೈಪು ತುಕ್ಕು ಹಿಡಿದಿದ್ದರೆ ಬಚ್ಚಲಿಗೆ ತೊಟ್ಟಿಕ್ಕೋದೇ ಗತಿ. ನೀರಿನ ವಿಷಯದಲ್ಲಿ ಇಷ್ಟು ತಿಳಿದಿರೋ ನಾವು ರೌಟರ್ ಡಬ್ಬದ ಮುಂದೆ ಯಾಕೆ ಪೆದ್ದರಾಗ್ತೀವಿ? ಯಾಕಂದ್ರೆ ನಮ್ಮನ್ನ ಹಾಗೆ ಮಾಡ್ತಿದಾರೆ.

ಇದು ಇವತ್ತಿನ ರೋಗ ಅಲ್ಲ. ವಿಂಡೋಸ್ ಎಕ್ಸ್‌ಪಿ ಕಾಲ ನೆನಪಿದೆಯಾ? ಕೇಬಲ್ ಚುಚ್ಚಿದ ತಕ್ಷಣ ಮೂಲೆಯಲ್ಲಿ ಒಂದು ಗುಳ್ಳೆ ಎದ್ದು "100 ಎಂಬಿಪಿಎಸ್" ಅಂತ ಬೀಗೋದು. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಸಾಕು, ಅದು ಬ್ರಾಡ್‌ಬ್ಯಾಂಡ್! ಅಂದರೆ ಮನೆಯೊಳಗಿನ ತಂತಿ ಹೊರಗಿನದಕ್ಕಿಂತ ಸುಮಾರು 400 ಪಟ್ಟು ವೇಗ. 100 ಎಂಬಿ ಫೈಲನ್ನ ಪಕ್ಕದ ಕಂಪ್ಯೂಟರಿಗೆ ಕಳಿಸೋಕೆ ಲೆಕ್ಕದಲ್ಲಿ ಎಂಟ್ಹತ್ತು ಸೆಕೆಂಡು, ಅದನ್ನೇ ಹೊರಗಿಂದ ಇಳಿಸಿಕೊಳ್ಳೋಕೆ ಮುಕ್ಕಾಲು ಗಂಟೆಗೂ ಮೇಲೆ. ಆಗ ಅಂತರ ಎಷ್ಟು ದೊಡ್ಡದಿತ್ತು ಅಂದ್ರೆ ಮೋಸ ಹೋಗೋದೇ ಕಷ್ಟ ಇತ್ತು. 2013ರಲ್ಲಿ ಆ ಕನಿಷ್ಠ ಮಿತಿ 512 ಕೆಬಿಪಿಎಸ್ ಆಯ್ತು, 2023ರಲ್ಲಿ 2 ಎಂಬಿಪಿಎಸ್. ಫೈಬರ್ ಬಂದ ಮೇಲೆ ನಗರಗಳಲ್ಲಿ 100, 300 ಎಂಬಿಪಿಎಸ್ ಪ್ಲಾನುಗಳು ಸಾಮಾನ್ಯ. ಈಗ ಎಷ್ಟೋ ಕಡೆ ಹೊರಗಿನ ಪೈಪೇ ದಪ್ಪ, ಮನೆಯೊಳಗಿನದೇ ಸಣ್ಣ. ಮೋಸಕ್ಕೆ ಜಾಗ ಸಿಕ್ಕಿರೋದು ಇಲ್ಲೇ.

'ಎಸಿ 1200' ಅಂತ ಬರೆದ ರೌಟರ್ ಡಬ್ಬ ತಗೊಳ್ಳಿ. ಈ 1200 ಎಲ್ಲಿಂದ ಬಂತು? 2.4 ಗಿಗಾಹರ್ಟ್ಸ್‌ನಲ್ಲಿ 300, 5 ಗಿಗಾಹರ್ಟ್ಸ್‌ನಲ್ಲಿ 867, ಎರಡೂ ಕೂಡಿಸಿ, ಮೇಲಿಂದ ಸ್ವಲ್ಪ ಉಬ್ಬಿಸಿ 1200. ನಿಮ್ಮ ಫೋನು ಒಂದು ಸಲಕ್ಕೆ ಒಂದರಲ್ಲೇ ಇರುತ್ತೆ. ಅದರಲ್ಲೂ 867 ಅನ್ನೋದು ಗಾಳಿಯಲ್ಲಿನ ಲೆಕ್ಕ. ಕೈಗೆ ಸಿಗೋದು, ಅದೂ ರೌಟರ್ ಪಕ್ಕದಲ್ಲೇ ಕೂತರೆ, ಅರ್ಧದ ಆಸುಪಾಸು. ನಡುವೆ ಎರಡು ಗೋಡೆ ಬಂದರೆ ಇನ್ನೂ ಕಮ್ಮಿ. ಅಪಾರ್ಟ್‌ಮೆಂಟಿನಲ್ಲಿ 2.4 ಗಿಗಾಹರ್ಟ್ಸ್ ಕಥೆ ಕೇಳಲೇಬೇಡಿ. ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಇರೋದೇ ಮೂರು (1, 6, 11), ಅಕ್ಕಪಕ್ಕದ ಮನೆಯವರೆಲ್ಲ ಅದರಲ್ಲೇ ನೂಕುನುಗ್ಗಲು!

ಇದೆಲ್ಲಕ್ಕಿಂತ ದೊಡ್ಡ ತಮಾಷೆ ಡಬ್ಬದ ಹಿಂದೆ, ಸಣ್ಣ ಅಕ್ಷರದಲ್ಲಿ ಇರುತ್ತೆ. ಇಂಥ ಎಷ್ಟೋ ಅಗ್ಗದ ರೌಟರ್‌ಗಳಿಗೆ ಇಂಟರ್‌ನೆಟ್ ತಂತಿ ಚುಚ್ಚೋ ಕಿಂಡಿ ಬರೀ 100 ಎಂಬಿಪಿಎಸ್‌ನದು. ಮುಂದೆ 1200ರ ಬೋರ್ಡು, ಹಿಂದೆ 100ರ ಬಾಗಿಲು! ನೀವು ತಿಂಗಳು ತಿಂಗಳು 300ರ ಪ್ಲಾನಿಗೆ ದುಡ್ಡು ಕಟ್ಟಿದರೂ 95ರ ಮೇಲೆ ಬರೋದು ಕನಸು. ಫೋನ್ ಮಾಡಿದರೆ "ನಮ್ಮ ಕಡೆಯಿಂದ ಫುಲ್ ಸ್ಪೀಡ್ ಇದೆ ಸಾರ್, ಪ್ಲಾನ್ ಅಪ್‌ಗ್ರೇಡ್ ಮಾಡ್ಕೊಳಿ" ಅಂತಾರೆ. ಅಂಗಡಿಗೆ ಹೋದರೆ "ರೌಟರ್ ಚೇಂಜ್ ಮಾಡಿ" ಅಂತಾರೆ. ಯಾವುದು ಸರಿ ಅಂತ ಕಂಡುಹಿಡಿಯೋ ದಾರಿ ಮಾತ್ರ ಇಬ್ಬರೂ ಹೇಳಲ್ಲ. ಹೇಳಿದರೆ ಒಬ್ಬರಿಗಾದ್ರೂ ವ್ಯಾಪಾರ ತಪ್ಪುತ್ತೆ.

ಆ ದಾರಿ ಹತ್ತು ನಿಮಿಷದ್ದು. ಲ್ಯಾಪ್‌ಟಾಪನ್ನ ಕೇಬಲ್‌ನಲ್ಲಿ ರೌಟರ್‌ಗೆ ಚುಚ್ಚಿ, ವೈಫೈ ಆಫ್ ಮಾಡಿ, ಸ್ಪೀಡ್ ಟೆಸ್ಟ್ ಮಾಡಿ. ಪ್ಲಾನಿನ ಹತ್ತಿರ ಬಂತಾ? ಹೊರಗಿಂದ ಸರಿಯಾಗಿ ಬರ್ತಿದೆ ಅಂತ. ಆಮೇಲೆ ವೈಫೈಯಲ್ಲಿ, ಒಮ್ಮೆ ರೌಟರ್ ಪಕ್ಕ, ಒಮ್ಮೆ ಕೋಣೆಯೊಳಗೆ ಅದೇ ಟೆಸ್ಟ್ ಮಾಡಿ. ಅಲ್ಲಿ ಬಿದ್ದರೆ ಸಮಸ್ಯೆ ಮನೆಯೊಳಗೆ. ರೌಟರನ್ನ ಟಿವಿ ಹಿಂದಿನಿಂದ ತೆಗೆದು ನಡುಮನೆಯಲ್ಲಿ ಎತ್ತರಕ್ಕೆ ಇಡಿ, ಪೈಸೆ ಖರ್ಚಿಲ್ಲ. ಕೇಬಲ್‌ನಲ್ಲೇ ಬರದಿದ್ದರೆ ಕೇಬಲ್ಲು, ಕಿಂಡಿ ಎಷ್ಟರದು ನೋಡಿ. ಅವೂ ಸರಿ ಇದ್ದರೆ ಕಂಪನಿಯವರನ್ನ ಧೈರ್ಯವಾಗಿ ತರಾಟೆಗೆ ತಗೊಳ್ಳಿ. ಫೋನಿನಲ್ಲಿ ವೈಫೈ ಕಡ್ಡಿಗಳು ಪೂರ್ತಿ ಇವೆ ಅನ್ನೋ ವಾದಕ್ಕೆ ಬಗ್ಗಬೇಡಿ. ಆ ಕಡ್ಡಿಗಳು ಹೇಳೋದು ರೌಟರ್‌ನ ಸಿಗ್ನಲ್ ಮಾತ್ರ, ಹೊರಗಿನ ತಂತಿ ಕಿತ್ತು ಹಾಕಿದರೂ ಅವು ಪೂರ್ತಿಯೇ ಇರ್ತವೆ!

"ಜನಸಾಮಾನ್ಯರಿಗೆ ಈ ತಾಂತ್ರಿಕ ವಿಷಯ ಯಾಕೆ?" ಅನ್ನೋರು ಇದ್ದಾರೆ. ನನಗೆ ಸಿಟ್ಟು ಬರೋದು ಅಲ್ಲೇ. 2020ರಲ್ಲಿ ಪಾಠ, ಕೆಲಸ ಎಲ್ಲ ಮನೆಗೇ ಬಂತು. ಮಕ್ಕಳ ಕ್ಲಾಸು ನಿಂತು ನಿಂತು ಬರ್ತಿದ್ದಾಗ ಇನ್ನೂ ದುಬಾರಿ ಪ್ಲಾನ್ ತಗೋಬೇಕೋ, ರೌಟರ್ ಎರಡಡಿ ಸರಿಸಬೇಕೋ ಅನ್ನೋದು ತಾಂತ್ರಿಕ ಪ್ರಶ್ನೆ ಅಲ್ಲ, ಮನೆಖರ್ಚಿನ ಪ್ರಶ್ನೆ. ತಕ್ಕಡಿ ಸರಿ ಇದೆಯಾ ಅಂತ ನೋಡೋಕೆ ಯಾರೂ ವಿಜ್ಞಾನಿ ಆಗಬೇಕಿಲ್ಲ.

ರೌಟರ್ ಡಬ್ಬದ ಮೇಲೆ ಕಿಂಡಿಯ ವೇಗವನ್ನ 1200ರಷ್ಟೇ ದಪ್ಪಕ್ಷರದಲ್ಲಿ ಅಚ್ಚು ಹಾಕಲಿ. ಸಂಪರ್ಕ ಕೊಡೋಕೆ ಬಂದವರು ಕೇಬಲ್ ಚುಚ್ಚಿ ವೇಗ ತೋರಿಸಿಯೇ ಸಹಿ ಹಾಕಿಸಿಕೊಳ್ಳಲಿ. ನನ್ನ ಬೇಡಿಕೆ ಇಷ್ಟೇ. ಅಲ್ಲಿ ತನಕ ಇದನ್ನ ಕನ್ನಡದಲ್ಲಿ ಬರೆಯೋ ಕೆಲಸ ನಮ್ಮದು. ನಿಮ್ಮನೆ ರೌಟರ್ ಹಿಂದಿನ ಕಿಂಡಿ ಎಷ್ಟರದು? ನೋಡಿ ಬಂದು ಕಾಮೆಂಟಿನಲ್ಲಿ ಹೇಳಿ, ಜಗಳ ಅಲ್ಲಿ ಮುಂದುವರಿಸೋಣ :-)