ಉಳಿದ ನನ್ನ ಸೊತ್ತು

ರಜೆ ಬಂತೆಂದರೆ ಮನೆಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಹಿಂದೆ ತವರುಮನೆ, ಹೆಚ್ಚೆಂದರೆ ಮೈಸೂರು-ಊಟಿ ಎಂದಿದ್ದವರು ಈಗ ಮಲೇಷ್ಯಾ, ಇಂಡೋನೇಷ್ಯಾದ ಕಡೆಗೂ ಹೋಗಿ ಬರುತ್ತಾರೆ. ತೆಂಗು, ಸಮುದ್ರ, ಹಸಿರು ಗದ್ದೆಗಳನ್ನು ನೋಡಲು ಅಷ್ಟು ದೂರ ಹೋಗಬೇಕೇ ಎಂದು ಕರಾವಳಿಯವರಾದ ನಾವು ಕೇಳಬಹುದು. ಆದರೆ ನಮ್ಮಲ್ಲಿಲ್ಲದ ಒಂದು ನೋಟ ಅಲ್ಲಿದೆ. ಅದು ಬೆಂಕಿಯುಗುಳುವ ಬೆಟ್ಟ. ನಮ್ಮ ದೇಶದ ಸಕ್ರಿಯ ಜ್ವಾಲಾಮುಖಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ. ಅಲ್ಲಿ ಜನವಸತಿಯಿಲ್ಲ. ಇಂಡೋನೇಷ್ಯಾದಲ್ಲಾದರೋ ಅಂತಹ ಬೆಟ್ಟಗಳ ಬುಡದಲ್ಲೇ ಲಕ್ಷಾಂತರ ಜನರು ಗದ್ದೆ ಉತ್ತು, ಹಸು ಸಾಕಿ, ಮಕ್ಕಳ ಮದುವೆ ಮಾಡಿಸಿ ಬದುಕು ಸಾಗಿಸುತ್ತಾರೆ.

ನನ್ನ ಮೈದುನ ಮಲೇಷ್ಯಾದಲ್ಲಿ ಉದ್ಯೋಗದಲ್ಲಿದ್ದಾನೆ. ಒಂದು ಬೇಸಿಗೆ ರಜೆಯಲ್ಲಿ ಅವನು ನಮ್ಮನ್ನು ಜಾವಾ ದ್ವೀಪದ ಯೋಗ್ಯಕಾರ್ತಾ ನಗರಕ್ಕೆ ಕರೆದುಕೊಂಡು ಹೋದ. ನಗರದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಮೆರಾಪಿ ಬೆಟ್ಟವಿದೆ. ಎತ್ತರ ಸುಮಾರು 2,900 ಮೀಟರ್. ಅಲ್ಲಿನ ಭಾಷೆಯಲ್ಲಿ 'ಆಪಿ' ಎಂದರೆ ಬೆಂಕಿ.

ಮೆರಾಪಿಯನ್ನು ನೋಡಬೇಕಾದರೆ ಬೇಗ ಏಳಬೇಕು. ಹೊತ್ತು ಏರಿದಂತೆ ಮೋಡ ಬಂದು ತುದಿಯನ್ನು ಮುಚ್ಚಿಬಿಡುತ್ತದೆ. ಫಜ್ರ್ ನಮಾಝ್ ಮುಗಿಸಿ ಹೊರಟ ನಮಗೆ ಬೂದುಬಣ್ಣದ ಶಿಖರ, ಅದರ ತಲೆಯ ಮೇಲೆ ತೆಳ್ಳಗಿನ ಬಿಳಿ ಹೊಗೆ ಸ್ಪಷ್ಟವಾಗಿ ಕಂಡವು. ದಾರಿಯುದ್ದಕ್ಕೂ ಸಲಾಕ್ ಹಣ್ಣಿನ ತೋಟಗಳು. ಹಾವಿನ ಚರ್ಮದಂತಹ ಸಿಪ್ಪೆ, ಒಳಗೆ ಬೆಳ್ಳುಳ್ಳಿ ಎಸಳಿನಂತಹ ಸಿಹಿ ತೊಳೆ. ಬೆಟ್ಟ ಉಗುಳಿದ ಬೂದಿಯೇ ಕಾಲಕ್ರಮದಲ್ಲಿ ಫಲವತ್ತಾದ ಮಣ್ಣಾಗುತ್ತದೆ. ಜನರು ಇಲ್ಲಿ ಯಾಕೆ ಇದ್ದಾರೆ ಎಂಬ ಪ್ರಶ್ನೆಗೆ ಆ ಮಣ್ಣೇ ಅರ್ಧ ಉತ್ತರ.

ಬುಡದ ಹಳ್ಳಿಗಳಲ್ಲಿ ಹಳೆಯ ಜೀಪುಗಳು ಸಾಲುಗಟ್ಟಿ ನಿಂತಿರುತ್ತವೆ. ಒಂದು ಜೀಪಿಗೆ ನಾಲ್ಕು ಜನ. ಇದಕ್ಕೆ 'ಲಾವಾ ಟೂರ್' ಎಂದು ಹೆಸರು. ಹೆಚ್ಚಿನ ಚಾಲಕರು ಅದೇ ಹಳ್ಳಿಗಳವರು. ನಮ್ಮ ಚಾಲಕ ಸಲಾಂ ಹೇಳಿ, ನನ್ನನ್ನು 'ಇಬು' ಎಂದು ಕರೆದರು. ಇಬು ಎಂದರೆ ತಾಯಿ. ಮೈದುನನಿಗೆ ಮಲಯ್ ಭಾಷೆ ಬರುತ್ತದೆ. ಅದು ಇಂಡೋನೇಷ್ಯಾದ ಭಾಷೆಗೆ ಹತ್ತಿರವಾದ್ದರಿಂದ ಮಾತಿಗೆ ತೊಂದರೆಯಾಗಲಿಲ್ಲ.

ಜೀಪು ಮೊದಲು ನಿಂತದ್ದು ಸುಟ್ಟುಹೋದ ಒಂದು ಮನೆಯ ಮುಂದೆ. ಗೋಡೆಗಳ ಗಾರೆ ಕಿತ್ತುಹೋಗಿ ಇಟ್ಟಿಗೆ ಕಾಣುತ್ತದೆ. ಒಳಗೆ ತುಕ್ಕು ಹಿಡಿದ ಮೋಟಾರ್ ಸೈಕಲ್‌ನ ಅಸ್ಥಿಪಂಜರ, ಕರಗಿ ಮುದ್ದೆಯಾದ ಬಾಟಲಿಗಳು, ಸೊಟ್ಟಗಾದ ಪಾತ್ರೆ-ಲೋಟಗಳು. ಜೋಡಿಸಿಟ್ಟ ಹಸುವಿನ ಮೂಳೆಗಳು. ಗೋಡೆಯಲ್ಲೊಂದು ಗಡಿಯಾರ. ಅದರ ಪ್ಲಾಸ್ಟಿಕ್ ಕರಗಿದೆ, ಮುಳ್ಳುಗಳು 12 ಗಂಟೆ 5 ನಿಮಿಷದಲ್ಲಿ ನಿಂತಿವೆ. 2010ರ ನವೆಂಬರ್ 5ರ ಮಧ್ಯರಾತ್ರಿ ಬೆಟ್ಟದ ಬೆಂಕಿ ಈ ಮನೆಗೆ ಬಂದ ಹೊತ್ತು ಅದು. ಮನೆಯವರು ಉಳಿದದ್ದನ್ನೆಲ್ಲ ಒಟ್ಟುಮಾಡಿ ಇದನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಹೆಸರು 'ಸಿಸಾ ಹಾರ್ತಾಕು'. ಸಿಸಾ ಎಂದರೆ ನಮ್ಮ 'ಶೇಷ', ಹಾರ್ತಾ ಎಂದರೆ 'ಅರ್ಥ', ಅಂದರೆ ಸೊತ್ತು. ಎರಡೂ ಸಂಸ್ಕೃತದಿಂದ ಅಲ್ಲಿಗೆ ಹೋದ ಪದಗಳು. 'ಕು' ಎಂದರೆ ನನ್ನ. ಉಳಿದ ನನ್ನ ಸೊತ್ತು!

ಆ ಅಡುಗೆ ಪಾತ್ರೆಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಗೃಹಿಣಿಯಾದವಳಿಗೆ ಅದು ಸುಲಭದಲ್ಲಿ ದಾಟಿ ಹೋಗುವ ನೋಟವಲ್ಲ. ಒಂದೊಂದು ಪಾತ್ರೆಯನ್ನೂ ಯಾವಾಗ ಕೊಂಡದ್ದು, ಯಾರು ಕೊಟ್ಟದ್ದು ಎಂಬುದು ನಮಗೆ ನೆನಪಿರುತ್ತದೆಯಲ್ಲವೇ?

"ಉಮ್ಮಾ, ಇಲ್ಲಿ ಫೋಟೋ ತೆಗೆಯಬಹುದಾ?" ಎಂದು ಮಗಳು ಕೇಳಿದಳು. ಅಲ್ಲಿದ್ದ ಹೆಂಗಸನ್ನು ಕೇಳು ಎಂದೆ. ಆಕೆ ನಗುತ್ತಾ ತಲೆಯಾಡಿಸಿದರು. ನೋಡಲೆಂದೇ ಇಟ್ಟಿದ್ದಾರೆ, ನೋಡಿ ತಪ್ಪಿಲ್ಲ. ಆದರೆ ಮೂಳೆಗಳ ಪಕ್ಕದಲ್ಲಿ ನಿಂತು ಹಲ್ಲುಕಿರಿದು ಪೋಸು ಕೊಡುವುದು ಬೇರೆ, ಕೇಳಿ, ತಿಳಿದು, ಮೆಲ್ಲಗೆ ಮಾತಾಡಿ ಬರುವುದು ಬೇರೆ. ಇನ್ನೊಬ್ಬರ ಮನೆಗೆ ಹೋದಾಗಿನ ಅದಬು ಇಲ್ಲಿಯೂ ಬೇಕು.

2010ರಲ್ಲಿ ಆದದ್ದೇನು? ಅಕ್ಟೋಬರ್ 25ರಂದು ವಿಜ್ಞಾನಿಗಳು ಅತ್ಯುನ್ನತ ಮಟ್ಟದ ಎಚ್ಚರಿಕೆ ನೀಡಿ, ಶಿಖರದ ಸುತ್ತ 10 ಕಿಲೋಮೀಟರ್ ತೆರವುಗೊಳಿಸಲು ಹೇಳಿದರು. ಮರುದಿನ ಸಂಜೆಯೇ ಬೆಟ್ಟ ಸಿಡಿಯಿತು. ಮೆರಾಪಿಯಲ್ಲಿ ಹೆಚ್ಚು ಅಪಾಯ ತರುವುದು ಹರಿಯುವ ಲಾವಾ ಅಲ್ಲ. ಕಾದ ಅನಿಲ, ಬೂದಿ, ಕಲ್ಲು ಸೇರಿದ ಮೋಡವೊಂದು ನೆಲಕ್ಕೆ ಅಂಟಿಕೊಂಡೇ ಕಣಿವೆಗಳಲ್ಲಿ ಉರುಳಿ ಬರುತ್ತದೆ. ನೂರಾರು ಡಿಗ್ರಿ ಶಾಖ. ಓಡಿ ತಪ್ಪಿಸಿಕೊಳ್ಳಲಾಗದ ವೇಗ. ದೂರದಿಂದ ಅದು ಕುರಿಯ ಉಣ್ಣೆಯಂತೆ ಸುರುಳಿಸುರುಳಿಯಾಗಿ ಕಾಣುವುದರಿಂದ ಹಳ್ಳಿಗರು ಅದನ್ನು 'ವೆದುಸ್ ಗೆಂಬೆಲ್', ಅಂದರೆ ಜಡೆಗಟ್ಟಿದ ಕುರಿ ಎನ್ನುತ್ತಾರೆ.

ಆ ಸಂಜೆ ಕಿನಾಹ್ರೆಜೊ ಹಳ್ಳಿ ಮತ್ತು ಸುತ್ತಮುತ್ತ 30ಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಒಬ್ಬರು 83 ವರ್ಷದ ಮರಿಜಾನ್. ಯೋಗ್ಯಕಾರ್ತಾದ ಸುಲ್ತಾನರು ನೇಮಿಸಿದ ಬೆಟ್ಟದ ಪಾಲಕರು ಅವರು. ಎಲ್ಲರಿಗೂ 'ಎಂಬಾ', ಅಂದರೆ ಅಜ್ಜ. 2006ರ ಸ್ಫೋಟದಲ್ಲಿ ಅವರು ಮನೆ ಬಿಟ್ಟು ಹೋಗಿರಲಿಲ್ಲ, ಬದುಕುಳಿದಿದ್ದರು. 2010ರಲ್ಲೂ ಹೋಗಲಿಲ್ಲ. ತನಗೆ ಒಪ್ಪಿಸಿದ ಜವಾಬ್ದಾರಿಯನ್ನು ಬಿಟ್ಟು ಹೋಗಲಾರೆ ಎಂಬುದು ಅವರ ನಿಲುವಾಗಿತ್ತು. ಸುಜೂದ್‌ನ ಭಂಗಿಯಲ್ಲೇ ಅವರ ದೇಹ ಸಿಕ್ಕಿತೆಂದು ಪತ್ರಿಕೆಗಳು ಬರೆದವು. ಜನರನ್ನು ತೆರವುಗೊಳಿಸಲು ಹೋಗಿದ್ದ ಸ್ವಯಂಸೇವಕ ಮತ್ತು ಒಬ್ಬ ಪತ್ರಕರ್ತ ಕೂಡಾ ಅಲ್ಲೇ ಪ್ರಾಣಬಿಟ್ಟರು.

ಆ ವೃದ್ಧರ ನಿಷ್ಠೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಒಮ್ಮೆ ಜೀವ ಉಳಿಯಿತು ಎಂಬುದು ಮುಂದೆಯೂ ಉಳಿಯುತ್ತದೆ ಎಂಬುದಕ್ಕೆ ಪುರಾವೆಯಲ್ಲ. ಮೊದಲು ಒಂಟೆಯನ್ನು ಕಟ್ಟಬೇಕು, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕು ಎಂಬುದನ್ನು ಮದ್ರಸದ ಪುಟ್ಟ ಮಕ್ಕಳಿಗೂ ನಾವು ಕಲಿಸುತ್ತೇವೆ. ತವಕ್ಕುಲ್ ಎಂದರೆ ಕೂತಲ್ಲೇ ಕೂರುವುದಲ್ಲ.

ಅನಂತರ ಬೆಟ್ಟ ಇನ್ನೂ ಕೆರಳಿತು. ತೆರವಿನ ವ್ಯಾಪ್ತಿಯನ್ನು ನವೆಂಬರ್ 3ರಂದು 15 ಕಿಲೋಮೀಟರಿಗೆ, 5ರಂದು 20 ಕಿಲೋಮೀಟರಿಗೆ ಹೆಚ್ಚಿಸಿದರು. 5ರ ಮಧ್ಯರಾತ್ರಿಯ ಸ್ಫೋಟದಲ್ಲಿ ಬಿಸಿ ಮೋಡವು ಗೆಂಡೋಲ್ ನದಿಯ ಕಣಿವೆಯಲ್ಲಿ ಸುಮಾರು 15 ಕಿಲೋಮೀಟರ್ ದೂರದವರೆಗೂ ಇಳಿದು ನಿದ್ದೆಯಲ್ಲಿದ್ದವರನ್ನು ಸುಟ್ಟಿತು. ಒಟ್ಟು 350ಕ್ಕೂ ಹೆಚ್ಚು ಜನರು ಸತ್ತರು. ಆದರೆ ಒಟ್ಟು ಮೂರು ಲಕ್ಷಕ್ಕೂ ಹೆಚ್ಚು ಜನರು ಮನೆ ಬಿಟ್ಟು ಹೋಗಿದ್ದರು. ಸಕಾಲದ ಎಚ್ಚರಿಕೆಯಿಂದ 10,000ದಿಂದ 20,000 ಜೀವಗಳು ಉಳಿದವು ಎಂಬುದು ವಿಜ್ಞಾನಿಗಳ ಅಂದಾಜು.

ನಮ್ಮ ಚಾಲಕರ ಕುಟುಂಬವೂ ಹೀಗೆ ಉಳಿದದ್ದೇ. ಕಾಫಿ ಕುಡಿಯಲು ಒಂದು ಗುಡಿಸಲಂಗಡಿಯಲ್ಲಿ ಕುಳಿತಾಗ ಅವರು ಹೇಳಿದರು: "ಅಮ್ಮ ಹಸುವನ್ನು ಬಿಟ್ಟು ಬರಲು ಒಪ್ಪಲೇ ಇಲ್ಲ. ನಾನೂ ಹಿಂದೆ ಮುಂದೆ ನೋಡುತ್ತಿದ್ದೆ. ನನ್ನ ಹೆಂಡತಿ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು, ಅಮ್ಮನ ಕೈಹಿಡಿದು ಲಾರಿ ಹತ್ತಿಸಿದಳು. ಹಸು ಹೋಯಿತು. ಅಮ್ಮ ಆಮೇಲೆ ಒಂಬತ್ತು ವರ್ಷ ಬದುಕಿದ್ದರು."

ಅಲ್ಲಿ ಹಸುವೆಂದರೆ ಕುಟುಂಬದ ಬ್ಯಾಂಕ್ ಖಾತೆ. ಮೇವು ಹಾಕಲೆಂದು ಶಿಬಿರದಿಂದ ದಿನವೂ ಬೆಟ್ಟಕ್ಕೆ ಹಿಂತಿರುಗುತ್ತಿದ್ದವರು ಎಷ್ಟೋ ಜನ. ಕೊನೆಗೆ ಸರಕಾರವೇ ಜಾನುವಾರುಗಳನ್ನು ಕೊಳ್ಳುವುದಾಗಿ ಹೇಳಬೇಕಾಯಿತು. ಬಡವರಿಗೆ 'ಬಿಟ್ಟು ಬನ್ನಿ' ಎನ್ನುವುದು ಸುಲಭ. ಬಿಟ್ಟು ಬಂದ ಮೇಲೆ ತಿನ್ನುವುದೇನು ಎಂಬುದಕ್ಕೂ ಉತ್ತರ ಕೊಡಬೇಕು.

ಆ ಸುಟ್ಟ ಮನೆಯ ಅರ್ಥ ನನಗೆ ಆಗ ಹೊಳೆಯಿತು. ಪಾತ್ರೆ, ಗಾಡಿ, ಹಸುಗಳನ್ನು ಬಿಟ್ಟು ಮನೆಯವರು ಹೊರಟಿದ್ದರು. ಆದ್ದರಿಂದಲೇ ಉಳಿದದ್ದನ್ನು ಜೋಡಿಸಿ, 'ಇದು ನನ್ನದು' ಎಂದು ಹೆಸರಿಡಲು ಅವರಿದ್ದಾರೆ. ಅದೇ ಬೆಟ್ಟದ ಮೇಲ್ಭಾಗದಲ್ಲಿ, ಕಾಲಿಆದೆಮ್ ಎಂಬಲ್ಲಿ ಒಂದು ನೆಲಮಾಳಿಗೆ ಇದೆ. 2006ರ ಜೂನ್‌ನಲ್ಲಿ ಅದರೊಳಗೆ ಆಶ್ರಯ ಪಡೆದ ಇಬ್ಬರು ಸ್ವಯಂಸೇವಕರು ಶಾಖದಿಂದ ಸತ್ತರು. ಬೆಟ್ಟ ಎದ್ದಾಗ ಗಟ್ಟಿ ಗೋಡೆಯೂ ಕಾಯುವುದಿಲ್ಲ, ದೂರ ಮಾತ್ರ ಕಾಯುತ್ತದೆ.

ಮಧ್ಯಾಹ್ನ ಜೀಪು ಕುನಿಂಗ್ ಹೊಳೆಯ ನೀರಿನಲ್ಲಿ ಓಡಾಡಿ ಎಲ್ಲರನ್ನೂ ತೋಯಿಸಿತು. ಮಕ್ಕಳಿಗೆ ಆ ದಿನದ ಅತಿ ದೊಡ್ಡ ಸಂತೋಷ ಅದೇ. ನಮಾಝಿಗೆ ಹತ್ತಿರದ 'ಮುಶೊಲ್ಲಾ'ಗೆ ಹೋದೆವು. ಪ್ರವಾಸಿ ತಾಣಗಳಲ್ಲೆಲ್ಲ ಇಂತಹ ಪುಟ್ಟ ನಮಾಝ್ ಕೋಣೆಗಳಿವೆ. ಹೆಂಗಸರಿಗಾಗಿ 'ಮುಕೆನಾ' ಎಂಬ ಬಿಳಿ ಉಡುಪನ್ನೂ ಮಡಚಿ ಇಟ್ಟಿರುತ್ತಾರೆ. ಒದ್ದೆ ಬಟ್ಟೆಯಲ್ಲಿದ್ದ ನಮಗೆ ಅದು ದೊಡ್ಡ ಉಪಕಾರವಾಯಿತು.

ಹೋಗುವವರಿಗೆ ಎರಡು ಮಾತು. 2020ರ ನವೆಂಬರ್‌ನಲ್ಲಿ ಮೆರಾಪಿಯ ಎಚ್ಚರಿಕೆಯನ್ನು ನಾಲ್ಕರಲ್ಲಿ ಮೂರನೆಯ ಮಟ್ಟಕ್ಕೆ ಏರಿಸಿದ ಬಳಿಕ ಎಲ್ಲಿಯವರೆಗೆ ಹೋಗಬಹುದೆಂಬುದು ಆಗಾಗ ಬದಲಾಗುತ್ತದೆ. ಅಂದಂದಿನ ಸೂಚನೆ ಕೇಳಿಯೇ ಹೊರಡಿ. ಚಾಲಕ ಬೇಡವೆಂದ ಕಡೆಗೆ ಹಣ ಹೆಚ್ಚು ಕೊಟ್ಟು ಒತ್ತಾಯಿಸಬೇಡಿ. ಬೂದಿಯ ಧೂಳಿಗೆ ಮುಖಗವಸು ಇರಲಿ. ಸಾಧ್ಯವಾದಷ್ಟು ಹಳ್ಳಿಯವರ ಅಂಗಡಿಯಲ್ಲೇ ಕಾಫಿ, ಹಣ್ಣು ಕೊಳ್ಳಿ. ಗದ್ದೆ ಕಳೆದುಕೊಂಡ ಎಷ್ಟೋ ಮನೆಗಳ ಒಲೆ ಈಗ ಇದರಿಂದ ಉರಿಯುತ್ತಿದೆ.

ಹೋಗದವರಿಗೂ ಒಂದು ಮಾತಿದೆ. ನಮ್ಮಲ್ಲಿ ಬೆಂಕಿಯ ಬೆಟ್ಟವಿಲ್ಲ, ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಮನೆಗಳ ಮೇಲೆ ಜಾರಿದ್ದನ್ನು ಕಂಡಿದ್ದೇವೆ. ಹೊಳೆಯ ಬದಿ, ಗುಡ್ಡದ ಬುಡದಲ್ಲಿರುವ ಸಹೋದರಿಯರೇ, ಮಳೆಗಾಲಕ್ಕೆ ಮುಂಚೆ ಮನೆಯವರೆಲ್ಲ ಕುಳಿತು ತೀರ್ಮಾನಿಸಿ: ಅಜ್ಜಿಯನ್ನು ಯಾರು ಕರೆದುಕೊಂಡು ಹೋಗುವುದು, ಮಕ್ಕಳ ಕೈ ಯಾರು ಹಿಡಿಯುವುದು, ಹಟ್ಟಿಯ ಹಗ್ಗ ಯಾರು ಬಿಚ್ಚಿಬಿಡುವುದು. ರೇಷನ್ ಕಾರ್ಡ್, ಜಾಗದ ಪತ್ರ, ಔಷಧಿ ಒಂದೇ ಚೀಲದಲ್ಲಿರಲಿ. ಹೊರಡಿ ಎಂಬ ಸೂಚನೆ ಬಂದಾಗ ಗಂಡಸರು ಮೀನಮೇಷ ಎಣಿಸುತ್ತಿದ್ದರೆ ಮೊದಲ ಹೆಜ್ಜೆ ನೀವೇ ಇಡಿ.